ತರಬೇತುದಾರ ಕ್ಲೇರ್ ಬೀ

ಕ್ಲೇರ್ ಬೀ ಅವರು 1896ರ ಮಾರ್ಚ್ 2ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ವೆಸ್ಟ್ ವರ್ಜೀನಿಯ ರಾಜ್ಯದ ಗ್ರಾಫ್ಟನ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಅನಂತರ ವಿದ್ಯಾಭ್ಯಾಸ ಮುಂದುವರಿಸಿದರು. 1931ರಲ್ಲಿ ನ್ಯೂಯಾರ್ಕ್ ನಗರದ ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ತರಬೇತುದಾರರಾದರು.

ಅಷ್ಟೇನೂ ಹೆಸರಿಲ್ಲದಿದ್ದ ಆ ತಂಡವು ಬೀ ಅವರ ಕೈಯಲ್ಲಿ ದೇಶದ ಅಗ್ರಪಂಕ್ತಿಗೆ ಏರಿತು. ಒಮ್ಮೆ ಅದು ಸತತವಾಗಿ 43 ಪಂದ್ಯಗಳನ್ನು ಗೆದ್ದಿತು. 1936ರ ಡಿಸೆಂಬರಿನಲ್ಲಿ ಸ್ಟ್ಯಾನ್‌ಫರ್ಡ್ ತಂಡವು ಅದನ್ನು ಸೋಲಿಸಿದಾಗಲೇ ಆ ಜೈತ್ರಯಾತ್ರೆ ನಿಂತದ್ದು. ಅದೇ ವರ್ಷ ಹಿಟ್ಲರನ ಜರ್ಮನಿಯಲ್ಲಿ ಒಲಿಂಪಿಕ್ ಕೂಟ ನಡೆಯಲಿತ್ತು. ಯೆಹೂದ್ಯರಿಗೆ ಅಲ್ಲಿ ಆಗುತ್ತಿದ್ದ ಅನ್ಯಾಯವನ್ನು ಪ್ರತಿಭಟಿಸಿ ಲಾಂಗ್ ಐಲೆಂಡ್ ತಂಡವು ಆಯ್ಕೆಯ ಪಂದ್ಯಗಳಿಂದಲೇ ದೂರ ಉಳಿಯಿತು. 1939 ಮತ್ತು 1941ರಲ್ಲಿ ರಾಷ್ಟ್ರೀಯ ಆಹ್ವಾನ ಪಂದ್ಯಾವಳಿಯ ಪ್ರಶಸ್ತಿ ಅದರ ಪಾಲಾಯಿತು.

ಬೀ ಅವರು ಲೇಖಕರೂ ಆಗಿದ್ದರು. 1948ರಿಂದ ಅವರು ಬರೆದ ಚಿಪ್ ಹಿಲ್ಟನ್ ಕಾದಂಬರಿಗಳ ನಾಯಕನು ಸತ್ಯವಂತನಾದ ಒಬ್ಬ ಆಟಗಾರ ಹುಡುಗ. ಮೋಸದ ಗೆಲುವು ಅವನಿಗೆ ಬೇಡ. ಅಮೆರಿಕದ ಎಷ್ಟೋ ಬಾಲಕರು ಆ ಪುಸ್ತಕಗಳನ್ನು ಓದಿ ಬೆಳೆದರು.

ಆದರೆ ವಿಧಿಯ ವಿಲಾಸವನ್ನು ನೋಡಿರಿ! ಇಂತಹ ಲೇಖಕನ ತಂಡದಲ್ಲಿಯೇ ಮೋಸ ಮನೆಮಾಡಿತ್ತು. ಆ ದಿನಗಳಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಭವ್ಯ ಕ್ರೀಡಾಂಗಣದಲ್ಲಿ ಕಾಲೇಜು ಪಂದ್ಯಗಳಿಗೆ ಸಾವಿರಾರು ಜನ ಸೇರುತ್ತಿದ್ದರು, ಜೂಜುಕೋರರೂ ಸೇರುತ್ತಿದ್ದರು. ಯಾರು ಗೆಲ್ಲುವರೆಂಬುದರ ಮೇಲಷ್ಟೇ ಅಲ್ಲ, ಎಷ್ಟು ಅಂಕಗಳ ಅಂತರದಿಂದ ಗೆಲ್ಲುವರೆಂಬುದರ ಮೇಲೂ ಪಣ ಕಟ್ಟಲಾಗುತ್ತಿತ್ತು. ಬಲಿಷ್ಠ ತಂಡವು 10 ಅಂಕಗಳಿಂದ ಗೆಲ್ಲುವುದೆಂಬ ನಿರೀಕ್ಷೆ ಇದ್ದರೆ, ಅದರ ಆಟಗಾರರು ಗುಟ್ಟಾಗಿ ಹಣ ಪಡೆದು 6 ಅಂಕಗಳಿಂದ ಮಾತ್ರ ಗೆಲ್ಲುವರು. ತಂಡಕ್ಕೆ ಸೋಲಿಲ್ಲ, ಆದುದರಿಂದ ಯಾರಿಗೂ ಸಂಶಯ ಬಾರದು.

1951ರಲ್ಲಿ ಈ ಗುಟ್ಟು ಬಯಲಾಯಿತು. ಏಳು ಕಾಲೇಜುಗಳ 32 ಆಟಗಾರರು ಸಿಕ್ಕಿಬಿದ್ದರು. ಆ ಋತುವಿನಲ್ಲಿ ದೇಶದಲ್ಲೇ ಅತ್ಯಧಿಕ ಅಂಕಗಳನ್ನು ಗಳಿಸುತ್ತಿದ್ದ, ಬೀ ಅವರ ನೆಚ್ಚಿನ ಆಟಗಾರ ಶೆರ್ಮನ್ ವೈಟ್ ಅವರಲ್ಲೊಬ್ಬ. ಆ ತರುಣನು ಹಲವು ತಿಂಗಳು ಸೆರೆಮನೆಯಲ್ಲಿರಬೇಕಾಯಿತು. ದೇಶದ ಅಗ್ರ ವೃತ್ತಿಪರ ಲೀಗಿನ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿತು. ವಿಶ್ವವಿದ್ಯಾನಿಲಯವು ಬ್ಯಾಸ್ಕೆಟ್‌ಬಾಲ್ ತಂಡವನ್ನೇ ವಿಸರ್ಜಿಸಿತು.

ಬೀ ಅವರ ಮೇಲೆ ಲಂಚದ ಆರೋಪ ಬರಲಿಲ್ಲ. ತನಗೇನೂ ತಿಳಿಯದೆಂದು ಹೇಳಿ ಅವರು ಸುಮ್ಮನಿರಬಹುದಾಗಿತ್ತು. ಅನೇಕ ತರಬೇತುದಾರರು ದೋಷವನ್ನೆಲ್ಲ ಹುಡುಗರ ತಲೆಗೆ ಕಟ್ಟಲು ಸಿದ್ಧರಿದ್ದ ಕಾಲವದು. ಆದರೆ ಬೀ ಅವರು 1952ರಲ್ಲಿ ಹೆಸರಾಂತ ವಾರಪತ್ರಿಕೆಯೊಂದರಲ್ಲಿ ಲೇಖನ ಬರೆದು, ತಪ್ಪಿನಲ್ಲಿ ತಮಗೂ ಪಾಲಿದೆಯೆಂದು ಒಪ್ಪಿಕೊಂಡರು. ಗೆಲುವಿನ ಬೆನ್ನು ಹತ್ತಿ, ಆಟವು ಶಿಕ್ಷಣದ ಒಂದು ಭಾಗವೆಂಬುದನ್ನೇ ತಾವು ಮರೆತಿದ್ದಾಗಿ ಒಪ್ಪಿದರು. ಅವರ 43 ಗೆಲುವುಗಳಿಗಿಂತ ಈ ಲೇಖನವೇ ಹಿರಿದೆಂದು ತೋರುತ್ತದೆ. ಆದರೆ ಸೆರೆಮನೆ ಕಂಡ ಹುಡುಗರಿಗೆ ಅದರಿಂದ ಏನೂ ಮರಳಿ ಬರಲಿಲ್ಲ.

ಮುಂದೆ ಬೀ ಅವರು ಬಾಲ್ಟಿಮೋರ್ ನಗರದ ವೃತ್ತಿಪರ ತಂಡಕ್ಕೆ ಕೆಲಕಾಲ ತರಬೇತಿ ನೀಡಿ, ಬಳಿಕ ನ್ಯೂಯಾರ್ಕ್ ರಾಜ್ಯದ ಸೈನಿಕ ಶಾಲೆಯೊಂದರಲ್ಲಿ ಕ್ರೀಡಾ ವಿಭಾಗದ ಹೊಣೆ ಹೊತ್ತರು. 1957ರಲ್ಲಿ ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯವು ಮತ್ತೆ ತಂಡ ಕಟ್ಟಿತು. ಬೀ ಅದರ ತರಬೇತುದಾರರಾಗಿ ಹಿಂದಿರುಗಲಿಲ್ಲ. ಚಿಪ್ ಹಿಲ್ಟನ್ ಕಥೆಗಳನ್ನು ಮಾತ್ರ ಇನ್ನೂ ಹಲವು ವರ್ಷ ಬರೆಯುತ್ತಿದ್ದರು. 1983ರ ಮೇ 20ರಂದು ಅವರು ನಿಧನರಾದರು.