ಕಾಲವನ್ನು ಹಂಚಿದ ತಂತಿ ನೌಕರ ಎಮಿಲ್ ಬೋದೊ

ಗಣಕಯಂತ್ರಗಳ ಸಂಪರ್ಕದ ವೇಗವನ್ನು ಅಳೆಯುವ 'ಬಾಡ್' ಎಂಬ ಮಾನವು ಫ್ರಾನ್ಸಿನ ತಂತಿ ನೌಕರರೊಬ್ಬರ ಹೆಸರಿನ ತುಂಡು. ವೇಗದ ಯಂತ್ರವೊಂದು ನಿಧಾನದ ಯಂತ್ರಕ್ಕಾಗಿ ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕಕ್ಕೆ ಆಧಾರವಾದದ್ದೂ ಇದೇ ಮಾನ. ಆ ನೌಕರರೇ ಎಮಿಲ್ ಬೋದೊ.

1845ರ ಸೆಪ್ಟೆಂಬರ್ 11ರಂದು ಈಶಾನ್ಯ ಫ್ರಾನ್ಸಿನ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಬೋದೊ ಜನಿಸಿದರು. ಊರಿನ ಪ್ರಾಥಮಿಕ ಶಾಲೆಯ ಕಲಿಕೆಯೇ ಅವರಿಗೆ ದೊರೆತ ವಿದ್ಯಾಭ್ಯಾಸ. 1869ರಲ್ಲಿ ತಂತಿ ಇಲಾಖೆಯನ್ನು ಸೇರಿದ ಅವರು ಬಿಡುವಿನ ವೇಳೆಯಲ್ಲಿ ಸ್ವಂತವಾಗಿ ಯಂತ್ರವಿದ್ಯೆ ಅಭ್ಯಸಿಸಿದರು. ಸೇವೆಗೆ ಸೇರಿದ ಕೆಲವೇ ದಿನಗಳಲ್ಲಿ ಆರೋಗ್ಯ ಕೆಟ್ಟಿತು. ಅದು ಮತ್ತೆ ಪೂರ್ತಿ ಸುಧಾರಿಸಲಿಲ್ಲ.

ಆಗ ಒಂದು ತಂತಿಯಲ್ಲಿ ಒಬ್ಬ ನೌಕರ ಸಂದೇಶ ಕಳುಹಿಸುತ್ತಿದ್ದರೆ, ಅಕ್ಷರಗಳ ನಡುವಿನ ಬಿಡುವಿನಲ್ಲಿ ತಂತಿ ಸುಮ್ಮನಿರುತ್ತಿತ್ತು. ಆ ಬಿಡುವನ್ನು ಬೋದೊ ಇತರರಿಗೆ ಹಂಚಿದರು. ತಿರುಗುವ ವಿತರಕವೊಂದು ಹಲವು ನೌಕರರಿಗೆ ಸರದಿಯಂತೆ ತಂತಿಯನ್ನು ಒಪ್ಪಿಸುತ್ತಿತ್ತು. ಪ್ರತಿ ಅಕ್ಷರಕ್ಕೂ ಐದು ಸಂಕೇತಗಳು. ಎಡಗೈಗೆ ಎರಡು, ಬಲಗೈಗೆ ಮೂರು ಕೀಲಿಗಳು. ತನ್ನ ಸರದಿ ಸೂಚಿಸುವ 'ಟಕ್' ಸದ್ದಿಗೆ ನೌಕರ ಕಾಯಲೇಬೇಕಿತ್ತು. ತಾಳ ತಪ್ಪಿದರೆ ಅಕ್ಷರ ಕೆಡುತ್ತಿತ್ತು.

1874ರಲ್ಲಿ ಪೇಟೆಂಟ್ ಪಡೆದ ಈ ವ್ಯವಸ್ಥೆಯನ್ನು 1877ರಲ್ಲಿ ಪ್ಯಾರಿಸ್-ಬೋರ್ಡೊ ಮಾರ್ಗದಲ್ಲಿ ಪರೀಕ್ಷಿಸಲಾಯಿತು. ಅದೇ ವರ್ಷ ಮಿಮೋ ಎಂಬುವರು ಸಂಕೇತಾವಳಿ ತಮ್ಮದೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಮೊದಲ ತೀರ್ಪು ಬೋದೊ ಅವರಿಗೆ ವಿರುದ್ಧವಾಗಿತ್ತು. ಬಳಿಕ ಅದು ರದ್ದಾಯಿತು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವರಿಗೆ ಚಿನ್ನದ ಪದಕ ಸಂದಿತು. 1890ರ ಜನವರಿಯಲ್ಲಿ ವಿವಾಹವಾದ ಅವರು ಏಪ್ರಿಲ್‌ನಲ್ಲೇ ಪತ್ನಿಯನ್ನು ಕಳೆದುಕೊಂಡರು. 1903ರ ಮಾರ್ಚ್ 28ರಂದು ತಮ್ಮ 57ನೇ ವಯಸ್ಸಿನಲ್ಲಿ ನಿಧನರಾದರು. ವೇಗದ ಮಾನಕ್ಕೆ ಅವರ ಹೆಸರು ಬಂದದ್ದು 1920ರ ದಶಕದಲ್ಲಿ.

ಅವರು ಎದುರಿಸಿದ ಸಮಸ್ಯೆ ಗಣಕಯಂತ್ರಗಳ ಕಾಲದಲ್ಲಿ ಮರಳಿ ಬಂದಿತು. 1960ರ ದಶಕದ ಟೆಲಿಟೈಪ್ 33 ಯಂತ್ರದ ವೇಗ 110 ಬಾಡ್, ಅಂದರೆ ಸೆಕೆಂಡಿಗೆ 10 ಅಕ್ಷರ. ಸಾಲಿನ ಕೊನೆಯಿಂದ ಅಚ್ಚಿನ ತಲೆ ಮೊದಲಿಗೆ ಮರಳಲು ಒಂದಕ್ಷರದ ಕಾಲ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ಮುಂದಿನ ಅಕ್ಷರ ಬಂದರೆ ಅದು ದಾರಿಯ ಮಧ್ಯದಲ್ಲೇ ಅಚ್ಚಾಗುತ್ತಿತ್ತು. ಪರದೆಯುಳ್ಳ ಟರ್ಮಿನಲ್‌ಗಳು ಬಂದಾಗಲೂ ಪರದೆ ಅಳಿಸಲು ಸಮಯ ಬೇಕಾಗಿ, ಆ ನಡುವೆ ಬಂದ ಅಕ್ಷರಗಳು ಕಳೆದುಹೋಗುತ್ತಿದ್ದವು.

ಪರಿಹಾರವಾಗಿ ಗಣಕಯಂತ್ರವು ಏನನ್ನೂ ಮೂಡಿಸದ ಶೂನ್ಯಾಕ್ಷರಗಳನ್ನು ಕಳುಹಿಸಿ ಕಾಲ ತುಂಬುತ್ತಿತ್ತು. ಬಿಲ್ ಜಾಯ್ 1978ರಲ್ಲಿ ರೂಪಿಸಿದ 'ಟರ್ಮ್‌ಕ್ಯಾಪ್' ತಂತ್ರಾಂಶವು ಯಾವ ಟರ್ಮಿನಲ್‌ಗೆ ಯಾವ ಕೆಲಸಕ್ಕೆ ಎಷ್ಟು ಮಿಲಿಸೆಕೆಂಡ್ ಬೇಕೆಂಬುದನ್ನು ಪಟ್ಟಿಯಲ್ಲಿಟ್ಟಿತು. 50 ಮಿಲಿಸೆಕೆಂಡ್ ಕಾಯಲು 300 ಬಾಡ್ ವೇಗದಲ್ಲಿ ಎರಡು ಶೂನ್ಯಾಕ್ಷರ ಸಾಕು. 9600 ಬಾಡ್ ವೇಗದಲ್ಲಿ 48 ಬೇಕು. ಬಾಡ್ ತಿಳಿಯದೆ ಈ ಲೆಕ್ಕ ಸಾಧ್ಯವಿರಲಿಲ್ಲ. ಮುಂದೆ ಟರ್ಮಿನಲ್‌ಗಳೇ 'ನಿಲ್ಲು', 'ಮುಂದುವರಿ' ಎಂಬ ಸಂಕೇತ ಕಳುಹಿಸುವ ಪದ್ಧತಿ ವ್ಯಾಪಕವಾಗಿ, ಊಹಿಸಿ ಕಾಯುವ ಅಗತ್ಯ ಕಡಿಮೆಯಾಯಿತು.

ಇಂದಿನ ಟರ್ಮಿನಲ್ ಬಹುಪಾಲು ಪರದೆಯ ಮೇಲಿನ ಒಂದು ಕಿಟಕಿ ಮಾತ್ರ. ಅದಕ್ಕೆ ವಿರಾಮ ಬೇಕಿಲ್ಲ. ಆದರೂ ಲಿನಕ್ಸ್ ಗಣಕದಲ್ಲಿ ಟರ್ಮಿನಲ್‌ನ ವೇಗವನ್ನು ವಿಚಾರಿಸಿದರೆ ಸಾಮಾನ್ಯವಾಗಿ 38400 ಬಾಡ್ ಎಂಬ ಉತ್ತರ ಬರುತ್ತದೆ. ಆ ಅಂಕಿಗೆ ಈಗ ಅರ್ಥವಿಲ್ಲ. ರೈತನ ಮಗನ ಹೆಸರು ಮಾತ್ರ ಉಳಿದಿದೆ.