ಫ್ರಾನ್ಸಿಸ್ ಬುಕಾನನ್

ಫ್ರಾನ್ಸಿಸ್ ಬುಕಾನನ್ (15 ಫೆಬ್ರವರಿ 1762 – 15 ಜೂನ್ 1829) ಸ್ಕಾಟ್ಲೆಂಡಿನ ವೈದ್ಯ, ಸಸ್ಯವಿಜ್ಞಾನಿ ಹಾಗೂ ಸಮೀಕ್ಷಕರು. ಟಿಪ್ಪು ಸುಲ್ತಾನನ ಪತನದ ಮರುವರ್ಷ ಮೈಸೂರು ಸೀಮೆಯಲ್ಲಿ ಕೈಗೊಂಡ ಪ್ರವಾಸದಿಂದ ಇವರು ಕರ್ನಾಟಕದಲ್ಲಿ ಪರಿಚಿತರು. ಚರಿತ್ರೆಯ ವಿದ್ಯಾರ್ಥಿಗಳು ಆ ಪ್ರವಾಸಕಥನವನ್ನು ಬೇಸಾಯ, ಕಸುಬು, ಜಾತಿಗಳ ವಿವರಗಳಿಗಾಗಿ ಓದುತ್ತಾರೆ. ಅದನ್ನು ಬರೆದವರು ಗಿಡಮರಗಳನ್ನು ಬಲ್ಲವರು ಎಂಬುದು ಮಾತ್ರ ಮರೆತುಹೋಗುವುದುಂಟು.

ಜೀವನ

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಜಾನ್ ಹೋಪ್ ಅವರಲ್ಲಿ ಸಸ್ಯಶಾಸ್ತ್ರವನ್ನೂ ಕಲಿತ ಬುಕಾನನ್, 1783ರಲ್ಲಿ ವೈದ್ಯ ಪದವಿ ಪಡೆದರು. ಕೆಲವು ಕಾಲ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇವೆಗೆ ಸೇರಿದರು. ಮರುವರ್ಷ ಬರ್ಮಾಕ್ಕೆ ಹೋದ ನಿಯೋಗದಲ್ಲಿದ್ದರು. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಇವರನ್ನು ಮೈಸೂರು, ಕೆನರಾ, ಮಲಬಾರುಗಳ ಸಮೀಕ್ಷೆಗೆ ನೇಮಿಸಿದನು. ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಪ್ರವಾಸ 1801ರ ಜುಲೈವರೆಗೆ ನಡೆಯಿತು. ದಿನಚರಿಯ ರೂಪದಲ್ಲಿಯೇ ಇರುವ ಇದರ ವೃತ್ತಾಂತ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಮಧುಗಿರಿ–ಸಿರಾ ಸೀಮೆಯಲ್ಲಿ

ದೊಡ್ಡಬಳ್ಳಾಪುರದಿಂದ ಹೊರಟು ಮಧುಗಿರಿಯ ಮಾರ್ಗವಾಗಿ ಬುಕಾನನ್ ಸಿರಾ ತಲುಪಿದರು. ಮಧುಗಿರಿ ಮತ್ತು ಇಂದಿನ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗಗಳಲ್ಲಿ ಮಳೆಯ ನೀರು ಬೆಟ್ಟದಿಂದ ತಂದ ಕರಿಮರಳನ್ನು ಕಾಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟರು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಆದುದರಿಂದ ಈ ಸೀಮೆಯ ಕುರುಚಲು ಕಾಡನ್ನು ಮನುಷ್ಯನ ಕೈ ಸೋಕದ ಪ್ರಕೃತಿಯೆಂದು ಭಾವಿಸಲಾಗದು. ಮಣ್ಣಿನ ಬಗೆಗಳನ್ನು ರೈತರಿಂದಲೇ ಕೇಳಿ, ಎರೆ, ಕೆಬ್ಬೆ ಎಂಬ ಅವರದೇ ಹೆಸರುಗಳಲ್ಲಿ ದಾಖಲಿಸಿದ್ದು ಇವರ ಕ್ರಮದ ಹೆಚ್ಚುಗಾರಿಕೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಮರುಭೂಮಿಯಲ್ಲ. ಆದರೆ ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಒಣನಾಡಿಗೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಾತ್ರ ಮಳೆ, ಅದೂ ನೆಚ್ಚುವಂತಿಲ್ಲ. ಇಲ್ಲಿನ ತಂಗಡಿ, ಜಾಲಿ, ಕಳ್ಳಿ, ಕಮರಗಳು ನೀರಿನ ಅಭಾವಕ್ಕೆ ಬೇರೆಬೇರೆ ಉಪಾಯ ಕಂಡುಕೊಂಡಿವೆ. ಕಮರದ ಸಸಿ ಮೊದಲು ಬೇರನ್ನು ಆಳಕ್ಕಿಳಿಸುತ್ತದೆ. ಕಳ್ಳಿಯ ಕಾಂಡವೇ ಎಲೆಯ ಕೆಲಸ ಮಾಡುತ್ತದೆ.

ಇಂತಹ ಗಿಡಗಳು ಹೇಗೆ ಹುಟ್ಟಿಕೊಂಡವೆಂಬ ಪ್ರಶ್ನೆ ಬುಕಾನನ್ನರ ಕಾಲದ ಸಸ್ಯಶಾಸ್ತ್ರದ ಮುಖ್ಯ ಕೆಲಸವಾಗಿರಲಿಲ್ಲ. ಗುರುತಿಸಿ ಹೆಸರಿಡುವುದೇ ಅಂದು ಮುಖ್ಯ. ಡಾರ್ವಿನ್ನರ ಗ್ರಂಥ ಬಂದದ್ದು ಇವರು ತೀರಿಕೊಂಡ 30 ವರ್ಷಗಳ ಮೇಲೆ, 1859ರಲ್ಲಿ. 1952ರಲ್ಲಿ ಅಮೆರಿಕದ ಲೆಡ್ಯಾರ್ಡ್ ಸ್ಟೆಬ್ಬಿನ್ಸ್, ಶುಷ್ಕತೆಯೇ ಸಸ್ಯವಿಕಾಸಕ್ಕೆ ಪ್ರಚೋದನೆಯೆಂದು ವಾದಿಸಿದರು. ನೀರು ವಿರಳವಾದಲ್ಲಿ ಮಣ್ಣು, ಇಳಿಜಾರು, ನೆರಳುಗಳ ಅಲ್ಪ ವ್ಯತ್ಯಾಸವೂ ಗಿಡಕ್ಕೆ ಜೀವನ್ಮರಣದ ಮಾತಾಗುತ್ತದೆ. ಒಂದೇ ಪ್ರಭೇದದ ಗಿಡಗಳು ಚಿಕ್ಕಚಿಕ್ಕ ಗುಂಪುಗಳಾಗಿ ಚದುರುತ್ತವೆ. ಒಂದು ಗುಂಪಿನ ಪರಾಗ ಇನ್ನೊಂದನ್ನು ಮುಟ್ಟದೆ ತಲೆಮಾರುಗಳು ಕಳೆದರೆ, ಪ್ರತಿ ಗುಂಪೂ ತನ್ನ ನೆಲಕ್ಕೆ ಒಗ್ಗುತ್ತ, ಕೊನೆಗೆ ಪರಸ್ಪರ ಕೂಡಲಾರದ ಬೇರೆ ಪ್ರಭೇದಗಳಾಗಬಹುದು. ಬಯಲಿನ ನಡುವೆ ದ್ವೀಪಗಳಂತೆ ಎದ್ದಿರುವ ಮಧುಗಿರಿ, ಪಾವಗಡಗಳ ಕಲ್ಲುಬೆಟ್ಟಗಳನ್ನು ಕಂಡವರಿಗೆ ಈ ವಾದವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಯಾವ ಗಿಡ ಯಾವ ನೆಲದಲ್ಲಿತ್ತು ಎಂಬ ಹಳೆಯ ದಾಖಲೆಗಳಿಲ್ಲದೆ ಇಂತಹ ಅಧ್ಯಯನ ಮುಂದುವರಿಯಲಾರದು.

ನಂತರದ ವರ್ಷಗಳು

1802–03ರಲ್ಲಿ ನೇಪಾಳದಲ್ಲಿ ಸಸ್ಯ ಸಂಗ್ರಹಿಸಿದ ಬುಕಾನನ್, 1807ರಿಂದ 1814ರವರೆಗೆ ಬಂಗಾಳದ ಸಮೀಕ್ಷೆ ನಡೆಸಿದರು. ಬಳಿಕ ರಾಕ್ಸ್‌ಬರೋ ಅವರ ಸ್ಥಾನದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾದರು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ ಗವರ್ನರ್ ಜನರಲ್ ಇವರ ಚಿತ್ರಸಂಗ್ರಹವನ್ನು ಒಯ್ಯಗೊಡದೆ ಇಲ್ಲಿಯೇ ಉಳಿಸಿಕೊಂಡನು. ತಾಯಿಯ ಕಡೆಯ ಆಸ್ತಿ ಬಂದ ಮೇಲೆ ಹ್ಯಾಮಿಲ್ಟನ್ ಎಂಬ ಹೆಸರು ಧರಿಸಿದರು. ಗಂಗಾನದಿಯ ಮೀನುಗಳ ಕುರಿತ ಕೃತಿ 1822ರಲ್ಲಿ ಆ ಹೆಸರಿನಲ್ಲಿಯೇ ಬಂದಿತು. ಎರಡು ಹೆಸರುಗಳಿಂದಾಗಿ ಗ್ರಂಥಾಲಯದ ಪಟ್ಟಿಗಳಲ್ಲಿ ಇವರನ್ನು ಹುಡುಕುವವರು ಇಂದಿಗೂ ತಡವರಿಸುತ್ತಾರೆ.

ಇವರ ಬಂಗಾಳ ಸಮೀಕ್ಷೆಯನ್ನು 1838ರಲ್ಲಿ ಮಾಂಟ್ಗೊಮೆರಿ ಮಾರ್ಟಿನ್ ಪ್ರಕಟಿಸಿದಾಗ ಮುಖಪುಟದಲ್ಲಿ ಬುಕಾನನ್ನರ ಹೆಸರೇ ಇರಲಿಲ್ಲ. ಚಾರೋಳಿ ಮರದ ಕುಲಕ್ಕೆ ಮಾತ್ರ ಇವರ ಹೆಸರಿನಿಂದಲೇ ಬುಕಾನನಿಯ ಎಂಬ ಶಾಸ್ತ್ರೀಯ ನಾಮವಿದೆ.