ಇಸ್ಪೀಟ್ ಎಲೆಯಿಂದ ಗಣಿತದವರೆಗೆ: ಶಕುಂತಲಾ ದೇವಿ

ಕಳೆದ ರಜೆಯಲ್ಲಿ ನನ್ನ ಖಾಲಾ ಮಗ ಫೋನಿನಲ್ಲಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟ್ ಆಟಕ್ಕೆ ಬಿದ್ದಿದ್ದ. ಎಲೆ ಎಣಿಸಿದರೆ ಗೆಲ್ಲಬಹುದು ಎಂದು ಯಾವುದೋ ವಿಡಿಯೋ ನೋಡಿದ್ದ. 2ರಿಂದ 6ರವರೆಗಿನ ಎಲೆ ಬಂದರೆ ಒಂದು ಕೂಡಿಸಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆಯಬೇಕು. ಬಂದ ಮೊತ್ತವನ್ನು ಇನ್ನೂ ಉಳಿದಿರುವ ಕಟ್ಟುಗಳ ಸಂಖ್ಯೆಯಿಂದ ಭಾಗಿಸಬೇಕು. ಭಾಗಾಕಾರದಲ್ಲಿ ತಡವರಿಸಿ ನನ್ನ ಬಳಿ ಬಂದ. ಒಂದೂವರೆ ಕಟ್ಟು ಉಳಿದಿದ್ದರೆ ಎರಡರಿಂದ ಗುಣಿಸಿ ಮೂರರಿಂದ ಭಾಗಿಸು, 9 ಇದ್ದರೆ 6 ಆಗುತ್ತದೆ ಎಂದು ನಾನೇ ಹೆಮ್ಮೆಯಿಂದ ಹೇಳಿಕೊಟ್ಟೆ.

ಜೂಜು ಹರಾಮ್ ಎಂದು ಚಿಕ್ಕಂದಿನಿಂದ ಕೇಳಿದ್ದೆವು. ಲೆಕ್ಕವಿದ್ದರೆ ಅದು ಜೂಜಲ್ಲ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಎರಡು ವಾರದಲ್ಲಿ ಅವನ ಫೀಸಿನ ಹಣ ಹೋಯಿತು. ಭಾಗಾಕಾರ ತಪ್ಪಿರಲಿಲ್ಲ. ಆ ಆ್ಯಪ್‌ನಲ್ಲಿ ಪ್ರತಿ ಆಟಕ್ಕೂ ಎಲೆಗಳನ್ನು ಹೊಸದಾಗಿ ಕಲಸುತ್ತಿದ್ದರು, ಹಿಂದಿನ ಎಣಿಕೆಗೆ ಅರ್ಥವೇ ಇರಲಿಲ್ಲ. ಖಾಲಾ ಬಳೆ ಅಡವಿಟ್ಟು ಫೀಸು ಕಟ್ಟಿದರು.

ಲೆಕ್ಕವೆಂದರೆ ಬೇಸರ ಬಂದಿದ್ದ ಆ ದಿನಗಳಲ್ಲಿ ನಾನು ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರ ಬಗ್ಗೆ ಓದಿದೆ. ಅವರ ಕಥೆ ಶುರುವಾಗುವುದೂ ಇಸ್ಪೀಟ್ ಎಲೆಯಿಂದಲೇ.

ಅವರು ಹುಟ್ಟಿದ್ದು 1929ರ ನವೆಂಬರ್ 4ರಂದು. ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ಮೂರು ವರ್ಷದ ಮಗಳಿಗೆ ಎಲೆಗಳ ಕೈಚಳಕ ಕಲಿಸಲು ಕೂತಾಗ ಅವಳು ಎಲೆಗಳನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದಾಳೆ ಎಂದು ಅವರಿಗೆ ಗೊತ್ತಾಯಿತು. ಸರ್ಕಸ್ ಬಿಟ್ಟು ಮಗಳ ಲೆಕ್ಕದ ಪ್ರದರ್ಶನ ಶುರುಮಾಡಿದರು. ಆರನೇ ವಯಸ್ಸಿಗೆ ಅವಳು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವಿದ್ವಾಂಸರ ಮುಂದೆ ಲೆಕ್ಕ ಮಾಡಿ ತೋರಿಸಿದಳು. ಮನೆಯಲ್ಲಿ ಬಡತನ, ಕ್ರಮವಾದ ಶಾಲಾ ಶಿಕ್ಷಣ ಸಿಗಲಿಲ್ಲ. 1944ರಲ್ಲಿ ತಂದೆಯೊಂದಿಗೆ ಲಂಡನ್ನಿಗೆ ಹೋದರು.

1977ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ 13 ಅಂಕಿಗಳ ಎರಡು ಸಂಖ್ಯೆಗಳನ್ನು ಕೊಟ್ಟರು. ಗುಣಲಬ್ಧದಲ್ಲಿ 26 ಅಂಕಿ. 28 ಸೆಕೆಂಡಿನಲ್ಲಿ ಸರಿಯುತ್ತರ ಬಂತು. ಅದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. ಅದೇ ವರ್ಷ ಅವರು ಮೇದಕ್ ಲೋಕಸಭಾ ಕ್ಷೇತ್ರದಲ್ಲಿ ಇಂದಿರಾ ಗಾಂಧಿಯವರ ವಿರುದ್ಧ ಸ್ಪರ್ಧಿಸಿ ಸೋತರು.

ನನಗೆ ಹೆಚ್ಚು ಹಿಡಿಸಿದ್ದು 1988ರ ಸಂಗತಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞ ಅವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ 395, 17,08,59,375ರ ಏಳನೇ ಮೂಲ 15 ಎಂದು, ಜೆನ್ಸನ್ ಪ್ರಶ್ನೆಯನ್ನು ಬರೆದುಕೊಳ್ಳುವ ಮೊದಲೇ ಉತ್ತರ ಬಂತು. ಆದರೆ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಸಾಮಾನ್ಯ ಜನರಷ್ಟೇ ಇತ್ತು. ಅಂದರೆ ಅವರ ವೇಗವಿದ್ದದ್ದು ಸಂಖ್ಯೆಗಳ ಜೊತೆಗಿನ ಬಾಲ್ಯದ ಒಡನಾಟದಲ್ಲಿ. ನಾವು ಅಕ್ಷರ ಕೂಡಿಸದೆ ಪದ ಓದುವ ಹಾಗೆ ಅವರು ಸಂಖ್ಯೆ ಓದುತ್ತಿದ್ದರು.

ಒಗಟುಗಳ ಮತ್ತು ಸುಲಭ ಲೆಕ್ಕದ ಪುಸ್ತಕಗಳನ್ನು ಬರೆದು ತಮ್ಮ ವಿದ್ಯೆಯನ್ನು ಮಕ್ಕಳಿಗೆ ಹಂಚಿದ ಅವರು 2013ರ ಏಪ್ರಿಲ್ 21ರಂದು ಹುಟ್ಟೂರಾದ ಬೆಂಗಳೂರಿನಲ್ಲೇ ತೀರಿಕೊಂಡರು.

ಈಗ ಭಾನುವಾರ ಖಾಲಾ ಮಗ ನಾಗಸಂದ್ರದ ನಮ್ಮ ಮನೆಗೆ ಬರುತ್ತಾನೆ. ಇಬ್ಬರೂ ಘನಮೂಲ ಅಭ್ಯಾಸ ಮಾಡುತ್ತೇವೆ. ನೀವೂ ಮಾಡಿ ನೋಡಿ: 39,304 ಎರಡಂಕಿ ಸಂಖ್ಯೆಯೊಂದರ ಘನ. ಕೊನೆಯ ಅಂಕಿ 4, ಘನವು 4ರಲ್ಲಿ ಮುಗಿಯುವುದು ಮೂಲ 4ರಲ್ಲಿ ಮುಗಿದರೆ ಮಾತ್ರ. ಕೊನೆಯ ಮೂರು ಅಂಕಿ ಬಿಟ್ಟರೆ ಉಳಿಯುವುದು 39. ಅದು 27ಕ್ಕೂ 64ಕ್ಕೂ ನಡುವೆ ಇದೆ, ಆದ್ದರಿಂದ ಮೊದಲ ಅಂಕಿ 3. ಉತ್ತರ 34.

ಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ನಮ್ಮ ಲೆಕ್ಕ ಕೆಲಸಕ್ಕೆ ಬರಬೇಕಾದದ್ದು ಅಲ್ಲಿ. ಖಾಲಾ ಬಳೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ. ಅದರ ಬಡ್ಡಿಯನ್ನು ಪ್ರತಿ ತಿಂಗಳೂ ನಾವಿಬ್ಬರೇ ಬಾಯಿಲೆಕ್ಕದಲ್ಲಿ ಹಾಕುತ್ತೇವೆ.